ಒಂದೇ ದಿನದ ಎರಡು ತೀರ್ಪುಗಳು

ನಮ್ಮ ಹಲಗೇರಿಯ ಪೊಲೀಸ್ ಠಾಣೆಯಾಗಲಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಠಾಣೆಗಳಾಗಲಿ, ದೇಶದ ಯಾವುದೇ ಮೂಲೆಯ ಠಾಣೆಯಾಗಲಿ, ಬಂದವರಿಗೆಲ್ಲ ಕಾಣುವಂತೆ ಗೋಡೆಯ ಮೇಲೆ ಒಂದು ಸೂಚನಾಫಲಕವನ್ನು ಹಾಕಿರಬೇಕೆಂಬುದು ಸುಪ್ರೀಂ ಕೋರ್ಟಿನ ಆದೇಶ. ಬಂಧಿಸುವ ಅಧಿಕಾರಿ ತನ್ನ ಹೆಸರು ಮತ್ತು ಹುದ್ದೆಯ ಬಿಲ್ಲೆಯನ್ನು ಸ್ಪಷ್ಟವಾಗಿ ಕಾಣುವಂತೆ ಧರಿಸಬೇಕು. ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು. ಬಂಧಿತನ ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ವಶದಲ್ಲಿರುವವನನ್ನು 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. ಇಂತಹ 11 ನಿಯಮಗಳು ಆ ಫಲಕದಲ್ಲಿರುತ್ತವೆ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥ ಡಿ.ಕೆ. ಬಸು ಅವರು 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಒಂದು ಪತ್ರವೇ ಅರ್ಜಿಯಾಗಿ, ಹತ್ತು ವರ್ಷಗಳ ತರುವಾಯ ತೀರ್ಪಾಗಿ ಹೊರಬಂದ ಕಥೆ ಅದು. ತೀರ್ಪಿನ ದಿನಾಂಕ 1996ರ ಡಿಸೆಂಬರ್ 18.

ಅದೇ ದಿನ, ಅದೇ ನ್ಯಾಯಾಲಯದಿಂದ ಇನ್ನೊಂದು ತೀರ್ಪೂ ಬಂದಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರು ಎರಡೂ ಪೀಠಗಳಲ್ಲಿದ್ದರು. ಆ ಎರಡನೆಯ ತೀರ್ಪು ದೂರವಾಣಿ ಕದ್ದಾಲಿಕೆಯನ್ನು ಕುರಿತದ್ದು. ಅದರ ನಿಯಮಗಳನ್ನು ತೂಗುಹಾಕಿದ ಫಲಕ ಯಾವ ಠಾಣೆಯಲ್ಲಿಯೂ ಇಲ್ಲ. ಯಾರ ಮಾತನ್ನು ಆಲಿಸಲಾಯಿತೋ ಅವರ ಮನೆಯವರಿಗೆ ಅಂದಾಗಲಿ ಅನಂತರವಾಗಲಿ ತಿಳಿಸಬೇಕೆಂಬ ವಿಧಿಯೂ ಇಲ್ಲ. ಬಹಿರಂಗವಾಗಿ ಕೈಗೆ ಬೇಡಿ ತೊಡಿಸುವ ಅಧಿಕಾರಕ್ಕೆ ಒಂದು ಬಗೆಯ ಲೆಕ್ಕ, ಗುಟ್ಟಾಗಿ ಕಿವಿಗೊಡುವ ಅಧಿಕಾರಕ್ಕೆ ಇನ್ನೊಂದು ಬಗೆಯ ಲೆಕ್ಕ. ಈ ಭೇದ ಎಲ್ಲಿಂದ ಬಂದಿತೆಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಆಳುವವರಿಗೊಂದು, ಆಳಿಸಿಕೊಳ್ಳುವವರಿಗೊಂದು

1844ರಲ್ಲಿ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಇಟಲಿಯ ದೇಶಭಕ್ತ ಮಾತ್ಸಿನಿಗೆ ತನ್ನ ಕಾಗದಗಳನ್ನು ಅಂಚೆಯಲ್ಲಿಯೇ ಯಾರೋ ಒಡೆದು ಓದುತ್ತಿದ್ದಾರೆಂಬ ಅನುಮಾನ ಬಂದಿತು. ವಿಷಯ ಬ್ರಿಟಿಷ್ ಸಂಸತ್ತಿನವರೆಗೆ ಹೋಯಿತು. ಗೃಹಮಂತ್ರಿಯ ಆದೇಶದಿಂದಲೇ ಹಾಗೆ ನಡೆದಿತ್ತೆಂಬುದು ಬಯಲಾಗಿ ದೊಡ್ಡ ಗದ್ದಲವೆದ್ದಿತು. ಸಂಸತ್ತಿನ ಎರಡೂ ಸದನಗಳು ಸಮಿತಿಗಳನ್ನು ನೇಮಿಸಿದವು. ಹಿಂದಿನ ವರ್ಷಗಳಲ್ಲಿ ಹೀಗೆ ಕಾಗದ ಒಡೆಯಲು ಎಷ್ಟು ಆದೇಶಗಳು ಹೊರಟಿದ್ದವೆಂಬ ಲೆಕ್ಕ ಅಚ್ಚಾಗಿ ಜನರ ಕೈಗೆ ಬಂದಿತು.

ಅದೇ ಬ್ರಿಟಿಷರು 1885ರಲ್ಲಿ ಭಾರತಕ್ಕೊಂದು ಟೆಲಿಗ್ರಾಫ್ ಕಾಯ್ದೆಯನ್ನು, 1898ರಲ್ಲಿ ಅಂಚೆ ಕಾಯ್ದೆಯನ್ನು ಮಾಡಿದರು. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣ ಕೊಟ್ಟು ಸರ್ಕಾರವು ಯಾರ ತಂತಿಯನ್ನಾದರೂ ಕಾಗದವನ್ನಾದರೂ ತಡೆದು ಓದಬಹುದೆಂಬ ಅಧಿಕಾರ ಅವುಗಳಲ್ಲಿತ್ತು. ಎಷ್ಟು ಓದಿದಿರಿ ಎಂದು ಕೇಳುವ ಸದನ ಮಾತ್ರ ಇಲ್ಲಿರಲಿಲ್ಲ. ತಮ್ಮ ಜನರಿಗೆ ಒಪ್ಪಿಸಿದ ಲೆಕ್ಕವನ್ನು ಅವರು ನಮ್ಮ ಜನರಿಗೆ ಒಪ್ಪಿಸಲಿಲ್ಲ.

ಇಂದಿನ ಹಾವೇರಿ ಜಿಲ್ಲೆಯ ಬಹುಭಾಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಯಾವ ಊರಿನಲ್ಲಿ ಯಾರು ಭಾಷಣ ಮಾಡಿದರು, ಎಷ್ಟು ಜನ ಕೂಡಿದ್ದರು ಎಂಬುದನ್ನು ಆ ಪ್ರಾಂತದ ಪೊಲೀಸರು ಗುಪ್ತ ವರದಿಗಳಲ್ಲಿ ಬರೆದು ಮೇಲಕ್ಕೆ ಕಳಿಸುತ್ತಿದ್ದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಅವರ ಜೊತೆಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇದ್ದರು. ಅವರಂತಹ ತರುಣರು ಓಡಾಡಿದ್ದು ಇಂತಹ ಕಣ್ಣು ಕಿವಿಗಳ ನಡುವೆಯೇ. ಆ ಕಾಲದ ಸರ್ಕಾರಿ ಕಡತಗಳಿಂದ ಆಯ್ದ ದಾಖಲೆಗಳನ್ನು ಮುಂಬಯಿ ಸರ್ಕಾರ ಸ್ವಾತಂತ್ರ್ಯ ಚಳವಳಿಯ ಇತಿಹಾಸದ ಮೂಲಸಾಮಗ್ರಿ ಎಂದು 1957ರಿಂದ ಸಂಪುಟಗಳಾಗಿ ಪ್ರಕಟಿಸಿತು. ಲೆಕ್ಕ ಹೊರಬಂದದ್ದು ನಿಜ. ಲೆಕ್ಕ ಕೊಡಬೇಕಾದವರು ಹಡಗೇರಿ ಹೋದ ಮೇಲೆ!

ಪೊಲೀಸರ ಟಿಪ್ಪಣಿಗಳು ಸಕಾಲದಲ್ಲಿ ಬೆಳಕಿಗೆ ಬಂದರೆ ಏನಾಗುತ್ತದೆಂಬುದಕ್ಕೂ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. 1916ರಲ್ಲಿ ಲೋಕಮಾನ್ಯ ತಿಲಕರು ಬೆಳಗಾವಿಯಲ್ಲೂ ಅಹಮದ್‌ನಗರದಲ್ಲೂ ಮಾಡಿದ ಭಾಷಣಗಳನ್ನು ಪೊಲೀಸರು ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಅದರ ಆಧಾರದ ಮೇಲೆ ಸನ್ನಡತೆಗಾಗಿ 20,000 ರೂಪಾಯಿಗಳ ಮುಚ್ಚಳಿಕೆಯನ್ನು ಕೇಳಲಾಯಿತು. ಟಿಪ್ಪಣಿಗಳು ಮುಂಬಯಿ ಹೈಕೋರ್ಟಿನ ಎದುರು ಬಂದವು. ಇಡೀ ಭಾಷಣವನ್ನು ಒಟ್ಟಾಗಿ ಓದಿದ ನ್ಯಾಯಮೂರ್ತಿಗಳು ಆ ವರ್ಷದ ನವೆಂಬರಿನಲ್ಲಿ ಆದೇಶವನ್ನು ರದ್ದುಗೊಳಿಸಿದರು. ದಾಖಲೆ ಹೊರಗೆ ಬಂದದ್ದರಿಂದಲೇ ಅದನ್ನು ತೂಗಿ ನೋಡಲು ಸಾಧ್ಯವಾಯಿತು.

ಕರ್ನಾಟಕದ 1988

ಸ್ವಾತಂತ್ರ್ಯ ಬಂದರೂ 1885ರ ಕಾಯ್ದೆ ಉಳಿಯಿತು. ಅದರ ಬಿಸಿ ಕರ್ನಾಟಕಕ್ಕೆ ತಟ್ಟಿದ್ದು 1988ರಲ್ಲಿ. 1983ರಿಂದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. ಪಂಚಾಯತ್ ರಾಜ್ ವ್ಯವಸ್ಥೆಗೂ ಲೋಕಾಯುಕ್ತಕ್ಕೂ ಹೆಸರಾದವರು. ಅವರ ಆಡಳಿತದಲ್ಲಿ ರಾಜಕಾರಣಿಗಳೂ ಸೇರಿದಂತೆ ಹಲವರ ದೂರವಾಣಿಗಳನ್ನು ಕದ್ದಾಲಿಸಲಾಗಿದೆಯೆಂಬ ಆರೋಪ ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಎದ್ದಿತು. ಆಗಸ್ಟ್ ತಿಂಗಳಿನಲ್ಲಿ ಅವರು ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು. ನಮ್ಮ ಭಾಗದವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಸ್ಥಾನಕ್ಕೆ ಬಂದರು.

ಆ ರಾಜೀನಾಮೆಯನ್ನು ಮೆಚ್ಚಿದವರಿದ್ದಾರೆ, ಟೀಕಿಸಿದವರಿದ್ದಾರೆ. ನಾವು ಗಮನಿಸಬೇಕಾದದ್ದು ಬೇರೊಂದು. ವಿಷಯ ಹೊರಬಂದದ್ದು ರಾಜಕೀಯ ಜಗಳದಿಂದ. ಪ್ರತಿವರ್ಷ ಸದನದ ಮುಂದೆ ಲೆಕ್ಕವಿಡುವ ಪದ್ಧತಿಯಿದ್ದಿದ್ದರೆ, ಪ್ರಶ್ನೆ ಒಬ್ಬ ಮುಖ್ಯಮಂತ್ರಿಯ ಮಾನಾಪಮಾನದ ಮಟ್ಟದಲ್ಲಿ ನಿಲ್ಲುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತವರು ಬದಲಾದರು, ಪದ್ಧತಿ ಬದಲಾಗಲಿಲ್ಲ.

ಪತ್ರಿಕೆಯ ವರದಿಯಿಂದ ತೀರ್ಪಿನವರೆಗೆ

1991ರ ಮಾರ್ಚ್ ತಿಂಗಳಿನಲ್ಲಿ ದೆಹಲಿಯ ಮೇನ್‌ಸ್ಟ್ರೀಮ್ ಎಂಬ ವಾರಪತ್ರಿಕೆಯು ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯನ್ನು ಕುರಿತ ಸಿಬಿಐ ವರದಿಯನ್ನು ಪ್ರಕಟಿಸಿತು. ಅದನ್ನು ಕೈಯಲ್ಲಿ ಹಿಡಿದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವರದಿಯ ಅಂಕಿಗಳು ಯಾರನ್ನೂ ಯೋಚನೆಗೆ ಹಚ್ಚುವಂತಿದ್ದವು. 4 ದೂರವಾಣಿಗಳ ಕದ್ದಾಲಿಕೆಗೆ ಅನುಮತಿಪತ್ರವನ್ನೇ ತೋರಿಸಲಾಗಲಿಲ್ಲ. 279 ದೂರವಾಣಿಗಳಿಗೆ ಅನುಮತಿಪತ್ರವಿದ್ದರೂ ದೂರವಾಣಿ ನಿಗಮದ ಪಟ್ಟಿಯಲ್ಲಿ ಅವುಗಳ ಹೆಸರಿರಲಿಲ್ಲ. 133 ಪ್ರಕರಣಗಳಲ್ಲಿ ಅನುಮತಿಯ ಅವಧಿ ಮುಗಿದ ಮೇಲೂ ಆಲಿಕೆ ಮುಂದುವರಿದಿತ್ತು. 111 ಪ್ರಕರಣಗಳಲ್ಲಿ 180 ದಿನಗಳನ್ನು ಮೀರಿದರೂ ಸರ್ಕಾರದ ಒಪ್ಪಿಗೆ ಪಡೆದಿರಲಿಲ್ಲ. ಹೆಚ್ಚಿನ ಸಂಸ್ಥೆಗಳು ದಾಖಲೆಗಳನ್ನು ಸರಿಯಾಗಿ ಇಟ್ಟಿರಲಿಲ್ಲ.

1996ರ ತೀರ್ಪು, ದೂರವಾಣಿಯಲ್ಲಿ ಮನೆಯ ಏಕಾಂತದಲ್ಲಿ ಆಡುವ ಮಾತು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ರಕ್ಷಣೆಯಲ್ಲಿದೆಯೆಂದು ಸಾರಿತು. ಗೃಹ ಕಾರ್ಯದರ್ಶಿಯೇ ಆದೇಶ ಹೊರಡಿಸಬೇಕು, ಆದೇಶದ ಅವಧಿ ಎರಡು ತಿಂಗಳು, ಒಟ್ಟು ಆರು ತಿಂಗಳು ಮೀರಬಾರದು, ಪ್ರತಿ ಆದೇಶವನ್ನೂ ಒಂದು ಸಮಿತಿ ಪರಿಶೀಲಿಸಬೇಕು ಎಂದಿತು. ಇವು ಸಣ್ಣ ಮಾತುಗಳಲ್ಲ. ಆದರೆ ನ್ಯಾಯಾಧೀಶರ ಮುನ್ಸಮ್ಮತಿಯನ್ನು ಅದು ಕಡ್ಡಾಯಗೊಳಿಸಲಿಲ್ಲ. ಸಮಿತಿಯಲ್ಲಿರುವವರು ಸರ್ಕಾರದ ಕಾರ್ಯದರ್ಶಿಗಳೇ. ಸಾರ್ವಜನಿಕರಿಗೆ ವಾರ್ಷಿಕ ವರದಿ ನೀಡಬೇಕೆಂಬ ಮಾತು ಆ ನಿಯಮಗಳಲ್ಲಿ ಇಲ್ಲ.

ಹಾಗಾಗಿ ಅಂಕಿಗಳು ಆಗೊಮ್ಮೆ ಈಗೊಮ್ಮೆ ಮಾತ್ರ ಹೊರಗೆ ಇಣುಕಿವೆ. 2013ರಲ್ಲಿ ಮಾಹಿತಿ ಹಕ್ಕಿನಡಿ ಸಲ್ಲಿಸಿದ ಒಂದು ಅರ್ಜಿಗೆ ಉತ್ತರವಾಗಿ, ಕೇಂದ್ರ ಸರ್ಕಾರ ಒಂದೇ ಸರಾಸರಿ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶಗಳನ್ನು ಹೊರಡಿಸುತ್ತದೆಂದು ತಿಳಿದುಬಂದಿತು. ದಿನಕ್ಕೆ 250ರಿಂದ 300 ಆದೇಶಗಳು! ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಹೇಳಿದಂತೆ, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ನೋಡಬೇಕಾಗುತ್ತದೆ. ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೂ ಹತ್ತು ದಿನ ಹಗಲು ರಾತ್ರಿ ಕುಳಿತಿರಬೇಕು.

2017ರ ಆಗಸ್ಟ್ 24ರಂದು, ಅಂದರೆ ಹಾವೇರಿ ಜಿಲ್ಲೆಯ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೂ 2019ರ ಆಗಸ್ಟಿನಲ್ಲಿ, 1988ರ ಕಥೆಯೇ ಮರಳಿ ಬಂದಂತೆ, ಹಿಂದಿನ ಸರ್ಕಾರದ ಕಾಲದಲ್ಲಿ ದೂರವಾಣಿ ಕದ್ದಾಲಿಕೆ ನಡೆದಿತ್ತೆಂಬ ಆರೋಪ ಕರ್ನಾಟಕದಲ್ಲಿ ಎದ್ದಿತು. ಹಿಂದಿನ ಮುಖ್ಯಮಂತ್ರಿ ಅದನ್ನು ನಿರಾಕರಿಸಿದರು. ಹೊಸ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಈ ಬಾರಿಯೂ ವಿಷಯ ಹೊರಬಂದದ್ದು ವಾರ್ಷಿಕ ಲೆಕ್ಕದಿಂದಲ್ಲ, ಅಧಿಕಾರ ಕೈ ಬದಲಾದ ಹೊತ್ತಿನ ಸೋರಿಕೆಯಿಂದ.

ತಂತಿ ಸಂದೇಶದ ಸೇವೆ 2013ರ ಜುಲೈ ತಿಂಗಳಿನಲ್ಲಿಯೇ ನಿಂತುಹೋಯಿತು. 1885ರ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿತು. 2024ರ ಡಿಸೆಂಬರಿನಲ್ಲಿ ಆಲಿಕೆಯ ಹೊಸ ನಿಯಮಗಳು ಬಂದವು. ಅವಧಿಯ ಮಿತಿ, ಪರಿಶೀಲನಾ ಸಮಿತಿ ಮುಂದುವರಿದಿವೆ. ಬಳಕೆ ಮುಗಿದ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಪಡಿಸುವ ವಿಧಿಯೂ ಇದೆ. ವರ್ಷಕ್ಕೆಷ್ಟು ಆದೇಶ ಎಂಬ ಸಂಖ್ಯೆಯನ್ನು ಜನರ ಮುಂದಿಡುವ ವಿಧಿ ಅಲ್ಲಿಯೂ ಇಲ್ಲ. ಕೊಲೆ, ಕಳವು, ದರೋಡೆಗಳ ಸಂಖ್ಯೆ 1953ರಿಂದಲೂ ವರ್ಷವರ್ಷ ಪುಸ್ತಕವಾಗಿ ಬರುತ್ತಿರುವ ದೇಶ ನಮ್ಮದೆಂಬುದನ್ನು ಇಲ್ಲಿ ನೆನೆಯಬೇಕು.

ಬ್ಯಾಡಗಿಯ ಪೇಟೆ ಕಲಿಸುವ ಪಾಠ

ಅಪಹರಣಕಾರನನ್ನು ಹಿಡಿಯಲು, ಬಾಂಬಿಟ್ಟವನನ್ನು ತಡೆಯಲು ಪೊಲೀಸರಿಗೆ ಗುಟ್ಟಿನ ಕಿವಿ ಬೇಕಾಗಬಹುದು. ಅದನ್ನು ಅಲ್ಲಗಳೆಯುವುದು ಜಾಣತನವಲ್ಲ. ಹಾಗಾದರೆ ಗುಟ್ಟು ಮತ್ತು ಲೆಕ್ಕ ಒಟ್ಟಿಗೆ ಬಾಳಬಲ್ಲವೇ? ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಚೀಲ ಇಳಿಸಿದ ರೈತನಿಗೆ ಉತ್ತರ ಗೊತ್ತು. ಟೆಂಡರ್ ಹಾಕುವಾಗ ಒಬ್ಬ ವರ್ತಕನ ದರ ಇನ್ನೊಬ್ಬನಿಗೆ ತಿಳಿಯಬಾರದು. ತಿಳಿದರೆ ವ್ಯಾಪಾರ ಕೆಡುತ್ತದೆ. ಆದರೆ ಟೆಂಡರ್ ತೆರೆದ ಮೇಲೆ ದರ ಎಲ್ಲರೆದುರು ಪ್ರಕಟವಾಗಲೇಬೇಕು. ಹೊತ್ತಿಗೆ ತಕ್ಕ ಗುಟ್ಟು, ಹೊತ್ತು ಮೀರಿದ ಮೇಲೆ ಲೆಕ್ಕ.

ಇತರ ದೇಶಗಳು ಇದನ್ನು ಮಾಡಿ ತೋರಿಸಿವೆ. ಅಮೆರಿಕದಲ್ಲಿ 1968ರ ಕಾನೂನಿನಂತೆ, ಅಪರಾಧಗಳ ತನಿಖೆಗಾಗಿ ನ್ಯಾಯಾಲಯಗಳು ಎಷ್ಟು ಆಲಿಕೆಗಳಿಗೆ ಅನುಮತಿ ಕೊಟ್ಟವು, ಅವುಗಳಿಂದ ಎಷ್ಟು ಬಂಧನ, ಎಷ್ಟು ಶಿಕ್ಷೆ ಎಂಬ ವಾರ್ಷಿಕ ವರದಿ ಹೊರಬರುತ್ತದೆ. ಬ್ರಿಟನ್ನಿನಲ್ಲಿ 1985ರ ಕಾಯ್ದೆಯ ಅನಂತರ ಸ್ವತಂತ್ರ ಆಯುಕ್ತರು ವರದಿ ನೀಡುತ್ತ ಬಂದಿದ್ದಾರೆ. ಯಾವ ಅಂಕಿಯಲ್ಲಿ ತಪ್ಪಾಯಿತು, ಯಾರ ಬದಲಿಗೆ ಯಾರ ದೂರವಾಣಿ ಸಿಕ್ಕಿಬಿದ್ದಿತೆಂಬ ಪ್ರಮಾದಗಳೂ ಅದರಲ್ಲಿರುತ್ತವೆ. ಹೆಸರುಗಳಿಲ್ಲ, ನಡೆಯುತ್ತಿರುವ ತನಿಖೆಗೆ ಧಕ್ಕೆಯಿಲ್ಲ. ಸಂಖ್ಯೆಯಿಂದ ಅಪರಾಧಿ ಎಚ್ಚೆತ್ತುಕೊಳ್ಳುವುದಿಲ್ಲ, ಅಧಿಕಾರಿ ಎಚ್ಚರವಾಗಿರುತ್ತಾನೆ.

ನಮ್ಮ ಮನೆಯ ಮಾತು

ಇಷ್ಟನ್ನು ಹೇಳುವಾಗ ಧರ್ಮಸಭೆಯವರಾದ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ವಿಧಿ ಪ್ರತಿಯೊಬ್ಬರ ಸತ್ಕೀರ್ತಿಯನ್ನೂ ಖಾಸಗಿತನವನ್ನೂ ಕಾಯುತ್ತದೆ. ಪಾಪನಿವೇದನೆಯ ಮುದ್ರೆ ಎಂದಿಗೂ ಒಡೆಯಲಾಗದ್ದು. ಧರ್ಮಾಧ್ಯಕ್ಷರ ರಹಸ್ಯ ದಾಖಲಾಗಾರದ ಕಡತಗಳನ್ನು ಕುರಿತ 489ನೆಯ ವಿಧಿಯೂ ಅರ್ಥಪೂರ್ಣ: ನೈತಿಕ ಅಪರಾಧಗಳ ಹಳೆಯ ಕಡತಗಳನ್ನು ಕಾಲಕ್ಕೆ ತಕ್ಕಂತೆ ನಾಶಪಡಿಸಬೇಕು, ಆದರೆ ಸಂಗತಿಯ ಸಂಕ್ಷೇಪವನ್ನೂ ಅಂತಿಮ ತೀರ್ಪನ್ನೂ ಉಳಿಸಿಕೊಳ್ಳಬೇಕು. ನಾಶದ ನಡುವೆಯೂ ಲೆಕ್ಕ ಉಳಿಯಬೇಕೆಂಬ ವಿವೇಕ ಅದರಲ್ಲಿದೆ. ಈ ವಿವೇಕ ಎಲ್ಲೆಡೆ ನಡೆಯಲಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಗೋಪ್ಯತೆ ತಪ್ಪಿತಸ್ಥರಿಗೆ ಮರೆಯಾಯಿತೆಂಬ ನೋವಿನಿಂದಲೇ ಪೋಪ್ ಫ್ರಾನ್ಸಿಸ್ ಅವರು 2019ರ ಡಿಸೆಂಬರಿನಲ್ಲಿ ಅಂತಹ ಪ್ರಕರಣಗಳಿಂದ ಪೋಪರ ರಹಸ್ಯದ ನಿಯಮವನ್ನು ತೆಗೆದುಹಾಕಿದರು. ಪಾಪನಿವೇದನೆಯ ಮುದ್ರೆ ಮುಟ್ಟದೆ ಉಳಿಯಿತು. ದುರ್ಬಲನನ್ನು ಕಾಯುವ ಗುಟ್ಟು ಬೇರೆ, ಬಲಿಷ್ಠನನ್ನು ಕಾಯುವ ಗುಟ್ಟು ಬೇರೆ.

ಪವಿತ್ರ ಗ್ರಂಥವೂ ಈ ಭೇದವನ್ನು ಬಲ್ಲದು. ದಾನಿಯೇಲನು ಮಾಳಿಗೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುವುದನ್ನು ಹೊಂಚಿ ನೋಡಿದವರು ರಾಜನ ಅಧಿಕಾರಿಗಳು. ಯೇಸುಸ್ವಾಮಿಯ ಮಾತಿನಲ್ಲಿ ತಪ್ಪು ಹುಡುಕಲು ಸಜ್ಜನರ ವೇಷದ ಗೂಢಚಾರರನ್ನು ಕಳುಹಿಸಿದ ಸಂಗತಿಯನ್ನು ಲೂಕನು ತನ್ನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ಅದೇ ಲೂಕನ 16ನೆಯ ಅಧ್ಯಾಯದಲ್ಲಿ ಯಜಮಾನನು ಮೇಲ್ವಿಚಾರಕನನ್ನು ಕರೆದು ಮೊದಲು ಕೇಳುವುದು ಲೆಕ್ಕವನ್ನು.

ಪ್ರಜಾಪ್ರಭುತ್ವದಲ್ಲಿ ಆ ಯಜಮಾನರು ನಾವೇ. ನಮ್ಮ ಧರ್ಮಕೇಂದ್ರದ ವಾರ್ಷಿಕ ಸಭೆಯಲ್ಲಿ ಕಾಣಿಕೆ ಪೆಟ್ಟಿಗೆಯ ಲೆಕ್ಕವನ್ನು ಓದಿಸುತ್ತೇವೆ. ಓದುವ ಖಜಾಂಚಿಯ ಮೇಲೆ ಅಪನಂಬಿಕೆಯಿಂದಲ್ಲ, ಆತನ ಮೇಲಿನ ನಂಬಿಕೆ ಉಳಿಯಲೆಂದು. ಮುಂದಿನ ಬಾರಿ ನಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ನೀರು, ಬೆಳೆವಿಮೆಗಳ ಜೊತೆಗೆ ಒಂದು ಸರಳ ಪ್ರಶ್ನೆಯನ್ನೂ ಕೇಳಬಹುದು: ಕಳೆದ ವರ್ಷ ರಾಜ್ಯದಲ್ಲಿ ಎಷ್ಟು ಕದ್ದಾಲಿಕೆ ಆದೇಶಗಳು ಹೊರಟವು, ಸಮಿತಿ ಎಷ್ಟನ್ನು ರದ್ದುಪಡಿಸಿತು, ಎಷ್ಟರಿಂದ ಅಪರಾಧ ಪತ್ತೆಯಾಯಿತು? ಹೆಸರುಗಳು ನಮಗೆ ಬೇಡ. ಮೂರು ಅಂಕಿಗಳನ್ನು ವರ್ಷಕ್ಕೊಮ್ಮೆ ವಿಧಾನಸಭೆಯ ಮುಂದಿಟ್ಟರೆ, 1996ರ ಡಿಸೆಂಬರ್ 18ರ ಎರಡನೆಯ ತೀರ್ಪಿಗೂ ಒಂದು ಫಲಕ ದೊರೆತಂತಾಗುತ್ತದೆ.