ಎಮ್ಮಾಹು: ಭೂಪಟದಲ್ಲಿ ಸಿಗದ ಹಳ್ಳಿ



ಒಂಬತ್ತನೆಯ ತರಗತಿಗೆ ರೋಮನ್ ಸಾಮ್ರಾಜ್ಯದ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸಾರ್, ಎಮ್ಮಾಹು ಎಂಬ ಊರು ಈ ಭೂಪಟದಲ್ಲಿ ಎಲ್ಲಿದೆ?" ಎಂದು ಕೇಳಿದ್ದಳು. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಆ ನಾಳೆ ಬರಲು ಹಲವು ವರ್ಷಗಳೇ ಬೇಕಾದವು. ಆಕೆ ಇದನ್ನು ಓದುತ್ತಿದ್ದರೆ, ತಡವಾದ ಉತ್ತರವನ್ನು ಮನ್ನಿಸಿ ಸ್ವೀಕರಿಸಲಿ.

ಈ ಊರಿನ ಪ್ರಸಿದ್ಧಿಗೆ ಲೂಕನ ಸುವಾರ್ತೆಯ ಕೊನೆಯ ಅಧ್ಯಾಯವೇ ಕಾರಣ. ಯೇಸುವನ್ನು ಶಿಲುಬೆಗೇರಿಸಿದ ಮೂರನೆಯ ದಿನ ಇಬ್ಬರು ಶಿಷ್ಯರು ಮನಗುಂದಿ ಯೆರೂಸಲೇಮಿನಿಂದ ಎಮ್ಮಾಹುವಿನತ್ತ ಹೊರಟಿದ್ದರು. ಒಬ್ಬನ ಹೆಸರು ಕ್ಲೆಯೊಫ. ಇನ್ನೊಬ್ಬನ ಹೆಸರನ್ನು ಗ್ರಂಥವು ಹೇಳುವುದಿಲ್ಲ. ದಾರಿಯಲ್ಲಿ ಜೊತೆಗೂಡಿದ ಅಪರಿಚಿತನನ್ನು ಸಂಜೆಯಾಯಿತೆಂದು ಒತ್ತಾಯಿಸಿ ಉಳಿಸಿಕೊಂಡರು. ಊಟದ ವೇಳೆ ಆತ ರೊಟ್ಟಿ ಮುರಿದುಕೊಟ್ಟಾಗಲೇ ಆತನು ಯೇಸುವೆಂದು ಅವರಿಗೆ ಗೊತ್ತಾಯಿತು. ಕ್ರೈಸ್ತರ ಪ್ರಭುಭೋಜನದ ಆಚರಣೆಗೆ ಈ ಪ್ರಸಂಗವು ಬಹಳ ಹತ್ತಿರದ್ದು. ಚಿತ್ರಕಾರರಿಗೂ ಇದು ಪ್ರಿಯವಾದ ವಸ್ತು: ಕರವಾಜ್ಜೊ 1601ರಲ್ಲಿಯೂ ರೆಂಬ್ರಾಂಟ್ 1648ರಲ್ಲಿಯೂ ಈ ಊಟದ ದೃಶ್ಯವನ್ನು ಚಿತ್ರಿಸಿದ್ದಾರೆ.

ತೊಡಕಿರುವುದು ದೂರದ ಲೆಕ್ಕದಲ್ಲಿ. ಬಹುಪಾಲು ಹಸ್ತಪ್ರತಿಗಳು ಯೆರೂಸಲೇಮಿನಿಂದ 60 ಸ್ಟಾಡಿಯ, ಅಂದರೆ ಸುಮಾರು 11 ಕಿಲೋಮೀಟರು ಎನ್ನುತ್ತವೆ. ಆದರೆ ನಾಲ್ಕನೆಯ ಶತಮಾನದ ಪ್ರಸಿದ್ಧ ಸಿನಾಯ್ ಪ್ರತಿಯಲ್ಲಿಯೂ ಮತ್ತೆ ಕೆಲವು ಪ್ರತಿಗಳಲ್ಲಿಯೂ 160 ಸ್ಟಾಡಿಯ ಎಂದಿದೆ. ಅದು ಸುಮಾರು 30 ಕಿಲೋಮೀಟರು. ಶಿಷ್ಯರು ಊಟದ ಹೊತ್ತಿನಲ್ಲೇ ಎದ್ದು ಅದೇ ರಾತ್ರಿ ಯೆರೂಸಲೇಮಿಗೆ ಹಿಂದಿರುಗಿದರೆಂಬುದನ್ನು ಮರೆಯಬಾರದು. ಒಂದೇ ದಿನದಲ್ಲಿ 60 ಕಿಲೋಮೀಟರು ನಡೆಯುವುದು ಅಸಾಧ್ಯವಲ್ಲದಿದ್ದರೂ ಸುಲಭವಲ್ಲ.

ಹಾಗಾದರೆ 160 ಎಂಬ ಸಂಖ್ಯೆ ಬಂದದ್ದೇಕೆ? ಆ ದೂರದಲ್ಲಿ ಎಮ್ಮಾಹು ಎಂಬ ಹೆಸರಿನದೇ ಒಂದು ಊರು ನಿಜವಾಗಿಯೂ ಇತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಯೂದ ಮಕ್ಕಬಿಯನು ಸೆಲ್ಯೂಸಿಡ್ ಸೈನ್ಯವನ್ನು ಸೋಲಿಸಿದ್ದು ಅಲ್ಲಿಯೇ. ಕ್ರಿ.ಪೂ. 4ರಲ್ಲಿ ರೋಮನ್ ಅಧಿಕಾರಿ ವಾರಸ್ ಅದನ್ನು ಸುಡಿಸಿದನೆಂದು ಜೋಸೆಫಸ್ ಬರೆದಿದ್ದಾನೆ. ಮೂರನೆಯ ಶತಮಾನದಲ್ಲಿ ಅದು ನಗರದ ಪದವಿ ಪಡೆದು ನಿಕೊಪೊಲಿಸ್ ಎನಿಸಿತು. ಚರ್ಚಿನ ಇತಿಹಾಸಕಾರ ಯೂಸೇಬಿಯಸ್ ಇದನ್ನೇ ಸುವಾರ್ತೆಯ ಎಮ್ಮಾಹು ಎಂದು ನಂಬಿದ್ದನು. ಅರಬರ ಬಾಯಲ್ಲಿ ಹೆಸರು ಅಮ್ವಾಸ್ ಆಯಿತು, ಕ್ರಿ.ಶ. 638-39ರ ಮಹಾಮಾರಿ ಇಸ್ಲಾಂ ಇತಿಹಾಸದಲ್ಲಿ ಈ ಊರಿನ ಹೆಸರಿನಿಂದಲೇ ಕುಖ್ಯಾತವಾಗಿದೆ.

ಯೂರೋಪಿನ ಧರ್ಮಯೋಧರು ಬಂದಾಗ 60 ಸ್ಟಾಡಿಯದ ಲೆಕ್ಕ ಹಿಡಿದು ಅಬು ಘೋಷ್ ಎಂಬಲ್ಲಿ ಹನ್ನೆರಡನೆಯ ಶತಮಾನದಲ್ಲಿ ಚರ್ಚು ಕಟ್ಟಿದರು. ಮುಂದೆ ಅಷ್ಟೇ ದೂರದ ಕುಬೈಬಾ ಎಂಬ ಹಳ್ಳಿಯನ್ನು ಫ್ರಾನ್ಸಿಸ್ಕನ್ ಸನ್ಯಾಸಿಗಳು ಎಮ್ಮಾಹುವೆಂದು ಗೌರವಿಸಿದರು. ಯೆರೂಸಲೇಮಿನಿಂದ 30 ಸ್ಟಾಡಿಯದಲ್ಲಿ ಮತ್ತೊಂದು ಎಮ್ಮಾಹು ಇತ್ತೆಂದೂ ಅಲ್ಲಿ ನಿವೃತ್ತ ರೋಮನ್ ಸೈನಿಕರಿಗೆ ಭೂಮಿ ಕೊಡಲಾಯಿತೆಂದೂ ಜೋಸೆಫಸ್ ಹೇಳುತ್ತಾನೆ. ಅದು ಇತ್ತೀಚಿನವರೆಗೂ ಕಲೋನಿಯಾ ಎನಿಸಿಕೊಂಡಿದ್ದ ಸ್ಥಳ. ಲೂಕನ 60 ಎಂಬುದು ಹೋಗಿಬರುವ ದೂರವಾದರೆ ಲೆಕ್ಕ ಸರಿಹೊಂದುತ್ತದೆ. ನನ್ನ ಒಲವು ಈ ಕಡೆಗೇ. ಪಂಡಿತರು ಒಪ್ಪಲೇಬೇಕೆಂದೇನಿಲ್ಲ.

ಇಲ್ಲಿ ನಮ್ಮ ಮಂಗಳೂರಿನ ಎಳೆಯೊಂದು ಸೇರಿಕೊಳ್ಳುತ್ತದೆ. ಗಲಿಲಾಯದ ಇಬಿಲ್ಲೀನ್ ಗ್ರಾಮದಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಂಬ ಕಾರ್ಮೆಲ್ ಸನ್ಯಾಸಿನಿ 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದರು. ಅಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಲು ಬಂದವರಲ್ಲಿ ಅವರೂ ಒಬ್ಬರು. 1871ರ ನವೆಂಬರಿನಲ್ಲಿ ಅಲ್ಲಿಯೇ ವ್ರತದೀಕ್ಷೆ ಪಡೆದು, ಮರುವರ್ಷ ಫ್ರಾನ್ಸಿಗೆ ಹಿಂದಿರುಗಿದರು. ಮುಂದೆ ಬೆತ್ಲೆಹೇಮಿನ ಮಠ ಸೇರಿದ ಅವರು, 1878ರಲ್ಲಿ ಅಮ್ವಾಸಿನ ಪಾಳುಚರ್ಚಿನ ಬಳಿ ನಿಂತು, ನಿಜವಾದ ಎಮ್ಮಾಹು ಇದೇ ಎಂದು ಸಾರಿದರು. ದರ್ಶನವನ್ನು ಇತಿಹಾಸಕಾರನು ಸಾಕ್ಷ್ಯವಾಗಿ ಸ್ವೀಕರಿಸಲಾರ. ಆದರೆ ಅದರ ಫಲವಾಗಿ ಕಾರ್ಮೆಲ್ ಸಂಸ್ಥೆಯು ಆ ಜಾಗವನ್ನು ಕೊಂಡುಕೊಂಡಿತು. 1920ರ ದಶಕದಲ್ಲಿ ವಿನ್ಸೆಂಟ್ ಮತ್ತು ಅಬೆಲ್ ಎಂಬ ಡೊಮಿನಿಕನ್ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದರು. ಮರಿಯಂ ಅವರಿಗೆ 2015ರಲ್ಲಿ ಸಂತ ಪದವಿ ದೊರೆಯಿತು.

ಇಷ್ಟು ಕಾಲ ಉಳಿದುಬಂದ ಅಮ್ವಾಸ್ ಹಳ್ಳಿ ಇಂದು ಇಲ್ಲ. 1967ರ ಜೂನ್ ಯುದ್ಧದಲ್ಲಿ ಇಸ್ರೇಲಿ ಸೇನೆಯು ಅಲ್ಲಿನ ಸುಮಾರು ಎರಡು ಸಾವಿರ ನಿವಾಸಿಗಳನ್ನು ಹೊರಗಟ್ಟಿ ಮನೆಗಳನ್ನು ಕೆಡವಿತು. ನೆರೆಯ ಯಾಲೋ ಮತ್ತು ಬೈತ್ ನೂಬಾ ಹಳ್ಳಿಗಳಿಗೂ ಅದೇ ಗತಿಯಾಯಿತು. ಅಮ್ವಾಸ್ ಮತ್ತು ಯಾಲೋ ಇದ್ದ ಕಡೆ ಈಗ ಕೆನಡಾ ಪಾರ್ಕ್ ಎಂಬ ಉದ್ಯಾನವಿದೆ. ಕಲೋನಿಯಾ 1948ರಲ್ಲಿಯೇ ಬರಿದಾಗಿತ್ತು. ಎರಡು ಎಮ್ಮಾಹುಗಳ ಜನರೂ ತಮ್ಮ ದಾರಿಯಲ್ಲಿ ಹಿಂದಿರುಗಲಾಗಲಿಲ್ಲ ಎಂಬುದನ್ನು ಓದಿದಂದು ನನಗೆ ಬೇರೇನನ್ನೂ ಬರೆಯಲಾಗಲಿಲ್ಲ.

ಅಂದಿನ ಆ ವಿದ್ಯಾರ್ಥಿನಿಗೆ ಉತ್ತರ: ಯೆರೂಸಲೇಮಿನಿಂದ ಪಶ್ಚಿಮಕ್ಕೆ, ಸಮುದ್ರದ ಕಡೆ ಇಳಿಯುವ ಹೆದ್ದಾರಿಯಲ್ಲಿ ಲತ್ರೂನ್ ಎಂಬ ಹೆಸರನ್ನು ಹುಡುಕು. ಅದರ ಬಳಿಯೇ ಆ ಹಳೆಯ ಚರ್ಚಿನ ಗೋಡೆಗಳು ಇನ್ನೂ ನಿಂತಿವೆ.