ವಕ್ರರೇಖೆಯ ನುಣುಪೂ ಸ್ಪರ್ಶರೇಖೆಯೂ

ಕಣ್ಣು ನಂಬಿದುದನ್ನು ಬುದ್ಧಿಯು ಅಲ್ಲಗಳೆದ ಪ್ರಸಂಗಗಳು ಗಣಿತಶಾಸ್ತ್ರದ ಚರಿತ್ರೆಯಲ್ಲಿ ಹಲವಿವೆ. ಅವುಗಳಲ್ಲಿ ವಕ್ರರೇಖೆಯ ನುಣುಪಿನ ವಿಚಾರವು ಮುಖ್ಯವಾದುದು. ಎಲ್ಲಿಯೂ ಕಡಿಯದೆ ಒಂದೇ ಎಳೆಯಾಗಿ ಸಾಗುವ ಗೆರೆಗೆ, ಅಲ್ಲೊಂದು ಇಲ್ಲೊಂದು ಮೂಲೆಯನ್ನು ಬಿಟ್ಟರೆ, ಉಳಿದೆಡೆಯಲ್ಲೆಲ್ಲ ಸ್ಪರ್ಶರೇಖೆಯು ಇದ್ದೇ ಇರುವುದೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಆ ನಂಬಿಕೆಯು ಹೇಗೆ ಬೆಳೆಯಿತು, ಹೇಗೆ ಮುರಿಯಿತು, ಮುರಿದುದರಿಂದ ಶಾಸ್ತ್ರಕ್ಕೆ ಏನು ಲಾಭವಾಯಿತು ಎಂಬುದು ತಿಳಿಯತಕ್ಕ ಸಂಗತಿ.

ಕ್ರಿಸ್ತಪೂರ್ವ ೩೦೦ರ ಸುಮಾರಿನಲ್ಲಿದ್ದ ಗ್ರೀಕ್ ಪಂಡಿತ ಯೂಕ್ಲಿಡನು, ವೃತ್ತವನ್ನು ಮುಟ್ಟಿಯೂ ಎಷ್ಟು ಬೆಳೆಸಿದರೂ ಅದನ್ನು ಕತ್ತರಿಸದ ಸರಳರೇಖೆಯೇ ಸ್ಪರ್ಶರೇಖೆಯೆಂದು ಲಕ್ಷಣವನ್ನು ಹೇಳಿದನು. ವೃತ್ತಕ್ಕೆ ಇಷ್ಟೇ ಸಾಕು. ಆದರೆ ಒಂದು ಕಡೆಗೆ ಬಾಗಿ ಬಂದು ಮತ್ತೊಂದು ಕಡೆಗೆ ಹೊರಳುವ ಗೆರೆಯಲ್ಲಿ, ಹೊರಳುವ ಬಿಂದುವಿನ ಸ್ಪರ್ಶರೇಖೆಯು ಗೆರೆಯನ್ನು ಮುಟ್ಟುವುದಲ್ಲದೆ ಅದನ್ನು ದಾಟಿಯೂ ಹೋಗುವುದು. ಆದುದರಿಂದ ಬೇರೊಂದು ಲಕ್ಷಣವು ಬೇಕಾಯಿತು.

ಹದಿನೇಳನೆಯ ಶತಮಾನದಲ್ಲಿ ಈ ಪ್ರಶ್ನೆಯು ಮತ್ತೆ ತಲೆಯೆತ್ತಿತು. ಫ್ರಾನ್ಸಿನ ಡೇಕಾರ್ಟನು ೧೬೩೭ರಲ್ಲಿ ಪ್ರಕಟವಾದ ತನ್ನ ರೇಖಾಗಣಿತದಲ್ಲಿ ಒಂದು ವಿಧಾನವನ್ನು ಕೊಟ್ಟನು; ಫರ್ಮಾ ಎಂಬ ನ್ಯಾಯಾಧಿಕಾರಿಯು ಇನ್ನೊಂದನ್ನು ಕಂಡುಹಿಡಿದನು. ಯಾವುದು ಮೇಲೆಂದು ೧೬೩೮ರಲ್ಲಿ ಇಬ್ಬರಿಗೂ ಕಟುವಾದ ವಾದವೇ ನಡೆಯಿತು. ೧೬೮೪ರಲ್ಲಿ ಜರ್ಮನಿಯ ಲೈಬ್ನಿಟ್ಸನು ಚಲನಕಲನವನ್ನು ಪ್ರಕಟಿಸಿ, ಅನಂತ ಸಮೀಪದಲ್ಲಿರುವ ಎರಡು ಬಿಂದುಗಳನ್ನು ಕೂಡಿಸುವ ರೇಖೆಯೇ ಸ್ಪರ್ಶರೇಖೆಯೆಂದನು. ಲೆಕ್ಕವೇನೋ ಸರಿಯಾಗಿ ಬರುತ್ತಿದ್ದಿತು. ಆದರೆ ಅನಂತ ಸಮೀಪವೆಂದರೇನು? ೧೭೩೪ರಲ್ಲಿ ಬರ್ಕ್ಲಿ ಎಂಬ ಧರ್ಮಾಧ್ಯಕ್ಷನು ಈ ಮಾತನ್ನು ಹಿಡಿದು ಗಣಿತಜ್ಞರನ್ನು ಚೆನ್ನಾಗಿ ಹಾಸ್ಯಮಾಡಿದನು. ಕಡೆಗೆ ೧೮೨೩ರಲ್ಲಿ ಕೋಶಿಯು ತನ್ನ ಉಪನ್ಯಾಸಗಳಲ್ಲಿ ಸೀಮಾತತ್ತ್ವದ ಮೇಲೆ ಚಲನಕಲನವನ್ನು ನಿಲ್ಲಿಸಿದನು. ಅದರ ಪ್ರಕಾರ, ಗೆರೆಯ ಎರಡು ಬಿಂದುಗಳ ಮೂಲಕ ಛೇದಕವನ್ನೆಳೆದು, ಒಂದು ಬಿಂದುವನ್ನು ಮತ್ತೊಂದರ ಕಡೆಗೆ ಸರಿಸುತ್ತ ಬಂದಾಗ ಆ ಛೇದಕವು ಒಂದು ನಿಶ್ಚಿತವಾದ ನಿಲುವಿಗೆ ಸಮೀಪಿಸುವುದಾದರೆ, ಆ ನಿಲುವಿನ ರೇಖೆಯೇ ಸ್ಪರ್ಶರೇಖೆ. ಈ ‘ಆದರೆ’ ಎಂಬ ಒಂದು ಮಾತಿನಲ್ಲಿಯೇ ಮುಂದಿನ ಕೋಲಾಹಲವೆಲ್ಲ ಅಡಗಿದ್ದಿತು.

ಸಮೀಪಿಸದಿದ್ದರೆ? ಅಂಥ ಬಿಂದುಗಳು ವಿರಳವೆಂದೇ ಎಲ್ಲರ ಭಾವನೆ. ೧೮೦೬ರಲ್ಲಿ ಆಂಪೇರನು ಇದನ್ನು ಸಾಧಿಸಲೂ ಯತ್ನಿಸಿದ್ದನು. ಪ್ರಾಗ್ ನಗರದ ಬೋಲ್ಜಾನೊ ಎಂಬ ಪಾದ್ರಿಯು ೧೮೩೦ರ ಸುಮಾರಿಗೇ ಇದಕ್ಕೆ ವಿರುದ್ಧವಾದ ಒಂದು ಗೆರೆಯನ್ನು ಕಲ್ಪಿಸಿದ್ದನು. ಆದರೆ ಆ ಬರಹವು ಅಚ್ಚಾದುದು ೧೯೩೦ರಲ್ಲಿ.

ಪೆಟ್ಟು ಬಿದ್ದುದು ೧೮೭೨ರ ಜುಲೈ ೧೮ರಂದು. ಬಹುಕಾಲ ಶಾಲೆಯ ಉಪಾಧ್ಯಾಯನಾಗಿದ್ದು ಅನಂತರ ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದ ವೈಯರ್‌ಸ್ಟ್ರಾಸನು, ಎಲ್ಲಿಯೂ ಕಡಿಯದ, ಆದರೆ ಯಾವ ಬಿಂದುವಿನಲ್ಲಿಯೂ ಸ್ಪರ್ಶರೇಖೆಯಿಲ್ಲದ ಗೆರೆಯೊಂದನ್ನು ಬರ್ಲಿನ್ ಅಕಾಡೆಮಿಯ ಮುಂದಿಟ್ಟನು. ಅದರ ರಚನೆಯು ಹೀಗೆ: ಒಂದು ಅಲೆಯ ಮೇಲೆ ಅದರ ಅರ್ಧ ಎತ್ತರದ, ಆದರೆ ಹದಿಮೂರರಷ್ಟು ಒತ್ತಾದ ಮತ್ತೊಂದು ಅಲೆ; ಅದರ ಮೇಲೆ ಅದೇ ಪ್ರಮಾಣದಲ್ಲಿ ಇನ್ನೊಂದು; ಹೀಗೆ ಕೊನೆಯಿಲ್ಲದೆ. ಎತ್ತರಗಳು ಕುಗ್ಗುತ್ತ ಹೋಗುವುದರಿಂದ ಗೆರೆಯು ಕಡಿಯುವುದಿಲ್ಲ. ಆದರೆ ಇಳುಕಲಿನ ಕಡಿದು ಪ್ರತಿ ಹೆಜ್ಜೆಗೂ ಆರೂವರೆಯಷ್ಟು ಏರುವುದರಿಂದ ಛೇದಕವು ಯಾವ ನಿಲುವಿನಲ್ಲಿಯೂ ನೆಲೆಗೊಳ್ಳುವುದಿಲ್ಲ. ಎಷ್ಟು ಹಿಗ್ಗಿಸಿ ನೋಡಿದರೂ ಅದು ನೇರವಾಗಿ ಕಾಣದು.

ಹಿರಿಯರಿಗೆ ಇದು ಸಹಿಸಲಿಲ್ಲ. ಎರ್ಮೀತನಂಥ ಮಹಾಗಣಿತಜ್ಞನೇ ೧೮೯೩ರಲ್ಲಿ ಮಿತ್ರನಿಗೆ ಬರೆದ ಪತ್ರದಲ್ಲಿ ಇಂಥ ಗೆರೆಗಳನ್ನು ಒಂದು ಪಿಡುಗೆಂದು ಭಾವಿಸಿ ಭಯವನ್ನು ಸೂಚಿಸಿದನು. ಆದರೆ ತಪ್ಪು ಗೆರೆಯದಲ್ಲ, ಕಣ್ಣಿನದು. ಲೇಖನಿಯು ಎಳೆಯುವುದು ಅಗಲವಿಲ್ಲದ ರೇಖೆಯನ್ನಲ್ಲ, ಕಿರಿದಾದ ಒಂದು ಪಟ್ಟಿಯನ್ನು; ಆ ಪಟ್ಟಿಯ ಅಗಲಕ್ಕಿಂತ ಸಣ್ಣದಾದ ಏರಿಳಿತಗಳ ವಿಷಯದಲ್ಲಿ ಕಣ್ಣು ಸಾಕ್ಷಿ ಹೇಳಲಾರದು. ೧೯೦೪ರಲ್ಲಿ ಸ್ವೀಡನ್ನಿನ ಕಾಖನು ಅದೇ ತತ್ತ್ವವನ್ನು ಬಾಲಕರೂ ಅರಿಯುವಂತೆ ತೋರಿಸಿಕೊಟ್ಟನು: ಒಂದು ಸರಳರೇಖೆಯನ್ನು ಮೂರು ಪಾಲುಮಾಡಿ, ನಡುವಿನ ಪಾಲಿನ ಮೇಲೆ ಸಮಬಾಹು ತ್ರಿಕೋನವನ್ನೆತ್ತಿ, ಅದರ ತಳವನ್ನು ಅಳಿಸುವುದು, ಉಳಿದ ನಾಲ್ಕು ತುಂಡುಗಳಿಗೂ ಹಾಗೆಯೇ ಮಾಡುತ್ತ ಹೋಗುವುದು. ಪ್ರತಿ ಸಲವೂ ಉದ್ದವು ಮೂರಕ್ಕೆ ನಾಲ್ಕರಂತೆ ಬೆಳೆದು ಮಿತಿಯಿಲ್ಲದಾಗುವುದು. ಕಡೆಗೆ ದೊರೆಯುವ ಗೆರೆಗೆ ಸ್ಪರ್ಶರೇಖೆಯು ಎಲ್ಲಿಯೂ ಇಲ್ಲ.

ಇನ್ನು, ಸ್ಪರ್ಶರೇಖೆಯು ಇದ್ದ ಮಾತ್ರಕ್ಕೆ ನುಣುಪು ಬಂದಿತೆನ್ನುವಂತೆಯೂ ಇಲ್ಲ. ಲಂಬದೂರದ ವರ್ಗವು ಅಡ್ಡದೂರದ ಘನಕ್ಕೆ ಸಮನಾಗಿರುವ ಗೆರೆಯನ್ನು ತೆಗೆದುಕೊಳ್ಳಬಹುದು. ೧೬೫೭ರಲ್ಲಿ ಇಂಗ್ಲೆಂಡಿನ ನೀಲ್ ಎಂಬ ತರುಣನು ಇದರ ಉದ್ದವನ್ನು ಅಳೆದು ಕೀರ್ತಿಪಡೆದನು. ಅದರ ಎರಡು ಕವಲುಗಳು ಮುಳ್ಳಿನಂತೆ ಒಂದು ಮೊನೆಯಲ್ಲಿ ಕೂಡುವುವು. ಆ ಮೊನೆಯಲ್ಲಿ ಎರಡಕ್ಕೂ ಒಂದೇ ಸ್ಪರ್ಶರೇಖೆ. ಆದರೂ ಅಲ್ಲಿ ನುಣುಪಿಲ್ಲ. ಗೆರೆಯ ಮೇಲೆ ನಡೆಯುವ ಬಿಂದುವು ಮೊನೆಯಲ್ಲಿ ಕ್ಷಣಕಾಲ ನಿಂತು, ಬಂದ ದಿಕ್ಕಿಗೇ ತಿರುಗಿಬಿಡುವುದು. ಆದಕಾರಣ ಸ್ಪರ್ಶರೇಖೆಯಿದ್ದು, ಅದರ ದಿಕ್ಕು ಎಲ್ಲಿಯೂ ನೆಗೆಯದೆ ಬದಲಾಗುತ್ತ, ನಡೆಯುವ ಬಿಂದುವು ಎಲ್ಲಿಯೂ ತಡೆಯದೆ ಸಾಗುವಂತಿದ್ದರೆ ಮಾತ್ರ ಗೆರೆಯು ನುಣುಪಾದುದೆಂದು ಗಣಿತಶಾಸ್ತ್ರವು ನಿರ್ಣಯಿಸಿತು.

ಪಿಡುಗೆನಿಸಿದ ಗೆರೆಗಳು ಮುಂದೆ ಪ್ರಕೃತಿಯಲ್ಲಿಯೇ ಇಣುಕಿದುವು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಲೆದಾಟವು ಇಂಥ ಗೆರೆಗಳನ್ನು ನೆನಪಿಗೆ ತರುವುದೆಂದು ೧೯೧೩ರಲ್ಲಿ ಪೆರಾನನು ಬರೆದನು. ಆ ಅಲೆದಾಟದ ಗಣಿತರೂಪದಲ್ಲಿ ಸ್ಪರ್ಶರೇಖೆಯಿಲ್ಲದಿರುವುದೇ ನಿಯಮವೆಂದು ೧೯೩೩ರಲ್ಲಿ ಪೇಲಿ, ವೀನರ್, ಜಿಗ್ಮಂಡ್ ಎಂಬ ಮೂವರು ಸಿದ್ಧಪಡಿಸಿದರು. ವಿರಳವೆಂದೆಣಿಸಿದುದೇ ಸಾಮಾನ್ಯವಾಗಿ, ಸಾಮಾನ್ಯವೆಂದೆಣಿಸಿದ ನುಣುಪೇ ವಿರಳವಾಯಿತು. ಹಾಗೆಂದು ಸ್ಪರ್ಶರೇಖೆಯ ಬೆಲೆಯೇನೂ ಕುಗ್ಗಲಿಲ್ಲ. ಅದುವರೆಗೆ ಕೇಳದೆಯೇ ದೊರೆತಿದ್ದ ವಸ್ತುವು ಅಂದಿನಿಂದ ಪ್ರಮಾಣವನ್ನು ಕೊಟ್ಟು ಪಡೆಯಬೇಕಾದ ವಸ್ತುವಾಯಿತು, ಅಷ್ಟೆ.