ಸೇತುವೆಯ ಮೇಲೊಂದು ಸೂರು

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಟೋಕಿಯೋಗೆ ಬಂದು ಮೂರು ತಿಂಗಳಾಯ್ತು. ರೂಮು, ರೈಲು, ಆಫೀಸು ಬಿಟ್ಟು ಬೇರೇನೂ ನೋಡಿರಲಿಲ್ಲ. ಮೊನ್ನೆ ಭಾನುವಾರ ಮನಸ್ಸು ಮಾಡಿ ನಿಹೊಂಬಾಶಿಗೆ ಹೋಗಿಬಂದೆ.

ನಿಹೊಂಬಾಶಿ ಅಂದ್ರೆ 'ಜಪಾನ್ ಸೇತುವೆ'. 1603ರಲ್ಲಿ ತೊಕುಗಾವಾ ಇಯೆಯಾಸು ಕಾಲದಲ್ಲಿ ಇಲ್ಲಿ ಮೊದಲ ಮರದ ಸೇತುವೆ ಕಟ್ಟಿದರು. ಎದೊದಿಂದ (ಟೋಕಿಯೋದ ಹಳೇ ಹೆಸರು) ಹೊರಡುವ ಐದು ಹೆದ್ದಾರಿಗಳಿಗೂ ಇದೇ ಮೊದಲು. ಇವತ್ತಿಗೂ ರಸ್ತೆ ಬೋರ್ಡುಗಳಲ್ಲಿ 'ಟೋಕಿಯೋ ಇಷ್ಟು ಕಿಲೋಮೀಟರ್' ಅಂತಿದ್ದರೆ ಅದು ಈ ಸೇತುವೆವರೆಗಿನ ಲೆಕ್ಕ!

ದಾರಿ ಕೂಡಿದಲ್ಲಿ ವ್ಯಾಪಾರ ಬರಲೇಬೇಕಲ್ಲ. 1673ರಲ್ಲಿ ಮಿತ್ಸುಯಿ ತಕತೋಶಿ ಎದೊದಲ್ಲಿ ಎಚಿಗೊಯಾ ಅನ್ನೋ ಬಟ್ಟೆ ಅಂಗಡಿ ತೆರೆದ. ಆಗೆಲ್ಲ ವ್ಯಾಪಾರಿಗಳು ಶ್ರೀಮಂತರ ಮನೆಗೇ ಬಟ್ಟೆ ಹೊತ್ತು ಹೋಗಿ, ಸಾಲ ಕೊಟ್ಟು, ಚೌಕಾಸಿ ಮಾಡ್ತಿದ್ದರು. ಇವನದು ಅಂಗಡಿಯಲ್ಲೇ ಮಾರಾಟ, ಎಲ್ಲರಿಗೂ ಒಂದೇ ಬೆಲೆ, ಕೈಯಲ್ಲಿ ಕಾಸು. ಅದೇ ಅಂಗಡಿ ಬೆಳೆದು ಇಂದಿನ ಮಿತ್ಸುಕೋಶಿ ಮಳಿಗೆ ಆಯ್ತು. ಅಲ್ಲಿಂದ ಸ್ವಲ್ಪ ನಡೆದರೆ 1896ರ ಬ್ಯಾಂಕ್ ಆಫ್ ಜಪಾನ್ ಕಲ್ಲಿನ ಕಟ್ಟಡ.

ಊಟದ ಕಥೆಗೂ ಇತಿಹಾಸವೇ ಕಾರಣ. ಸೇತುವೆ ಪಕ್ಕದಲ್ಲಿ ಸುಮಾರು 300 ವರ್ಷ ಮೀನಿನ ಮಾರುಕಟ್ಟೆ ಇತ್ತು. 1923ರ ಭೂಕಂಪದಲ್ಲಿ ಹಾಳಾಗಿ ತ್ಸುಕಿಜಿಗೆ ಹೋಯ್ತು, 2018ರಲ್ಲಿ ಅಲ್ಲಿಂದ ತೊಯೊಸುಗೆ. ಆದರೆ 1699ರಿಂದ ಒಣಮೀನು ಮಾರುತ್ತಿರೋ ನಿಂಬೆನ್ ಅಂಗಡಿ ಇಲ್ಲೇ ಇದೆ. ಆ ಮೀನಿನ ಸಿಪ್ಪೆಯಂಥ ಚೂರುಗಳನ್ನು ಬಿಸಿನೀರಿಗೆ ಹಾಕಿ ತೆಗೆದ ರಸವೇ ಇಲ್ಲಿನ ಎಷ್ಟೋ ಅಡುಗೆಗೆ ಬುನಾದಿ. 'ಬರೀ ತರಕಾರಿ' ಅಂತ ಕೇಳಿದರೂ ಸಾರಲ್ಲಿ ಮೀನೇ. ಪುಳಿಚಾರು ನಾನು, ಉಪ್ಪಿನಕಾಯಿಯಂಥ ಪ್ಲಮ್ ಇಟ್ಟ ಅನ್ನದ ಉಂಡೆ ತಿಂದು ಸುಮ್ಮನಾದೆ :)

ಹೊಟ್ಟೆಗಿಂತ ಕಣ್ಣಿಗೇ ಹೆಚ್ಚು ಬೇಸರವಾಯ್ತು. ಈಗಿರುವ ಕಲ್ಲಿನ ಸೇತುವೆ 1911ರದ್ದು. ಭೂಕಂಪ, ಯುದ್ಧದ ಬಾಂಬು ಎರಡನ್ನೂ ತಡೆದುಕೊಂಡಿದೆ. ಆದರೆ ಕತ್ತೆತ್ತಿದರೆ ಆಕಾಶವಿಲ್ಲ, ಎಕ್ಸ್‌ಪ್ರೆಸ್‌ವೇಯ ಹೊಟ್ಟೆ! 1964ರ ಒಲಿಂಪಿಕ್ಸ್ ಹತ್ತಿರ ಬಂದಿತ್ತು, ಜಾಗ ಕೊಳ್ಳಲು ಸಮಯವಿರಲಿಲ್ಲ, ನದಿಯ ಮೇಲೆ ಯಾರನ್ನೂ ಕೇಳಬೇಕಿರಲಿಲ್ಲ. 1963ರಲ್ಲಿ ರಸ್ತೆ ಹಾಕೇಬಿಟ್ಟರು. ಈಗ ಅದನ್ನು ನೆಲದಡಿಗೆ ಇಳಿಸೋ ಕೆಲಸ ನಡೀತಿದೆ. ಸುರಂಗ 2035ಕ್ಕೆ, ಮೇಲಿನ ರಸ್ತೆ ಕಿತ್ತು ಮುಗಿಯೋದು 2040ಕ್ಕೆ ಅಂತ ಯೋಜನೆ.

ಅಂದ್ರೆ 52 ವರ್ಷ ಆಕಾಶ, 77 ವರ್ಷ ಸೂರು.

ನಗಬೇಕು ಅನ್ನಿಸಿತು, ಆಗಲಿಲ್ಲ. ರಿಲೀಸ್ ದಿನ ಹತ್ತಿರ ಬಂದಾಗ 'ಸದ್ಯಕ್ಕಿರಲಿ, ಆಮೇಲೆ ಸರಿ ಮಾಡೋಣ' ಅಂತ ನಾನೂ ಕೋಡಿಗೆ ಎಷ್ಟು ತೇಪೆ ಹಾಕಿಲ್ಲ? ಅವನ್ನು ಕೀಳೋರು ಯಾರೋ, ಯಾವಾಗಲೋ. ಇವರಾದರೂ ಕೀಳೋಕೆ ಹೊರಟಿದ್ದಾರೆ.

2040ಕ್ಕೆ ಇನ್ನೊಮ್ಮೆ ಬರಬೇಕು. ಡಬ್ಬಿ ಕಟ್ಟಿಕೊಂಡು!